ಶೇಕಡಾ 97ಕ್ಕೆ ಕರೆಂಟು ಹೋಯಿತು
ಮಧುಗಿರಿಯ ಏಕಶಿಲಾ ಬೆಟ್ಟದ ಬುಡದಲ್ಲಿದ್ದ ಸೈಬರ್ ಸೆಂಟರಿನಲ್ಲಿ ನನ್ನ ಫೈಲು ಶೇಕಡಾ 97ಕ್ಕೆ ಬಂದಿತ್ತು, ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಸೊನ್ನೆಯಿಂದ. 56 ಕೆಬಿಪಿಎಸ್ ಮೋಡೆಮ್ಮಿನಲ್ಲಿ 700 ಎಂಬಿಯ ಸಿಡಿಯೊಂದು ಇಳಿಯಲು ಒಂದು ಹಗಲು, ಒಂದು ರಾತ್ರಿ ಸಾಲದು. ಆಗ ಗೆಳೆಯ ಹಾಕಿಕೊಟ್ಟದ್ದು ಇಂಟರ್ನೆಟ್ ಡೌನ್‌ಲೋಡ್ ಮ್ಯಾನೇಜರ್. ಫೈಲನ್ನು ಎಂಟು ತುಂಡು ಮಾಡಿ, ಎಂಟನ್ನೂ ಒಟ್ಟಿಗೆ ಎಳೆದು, ಕೊನೆಗೆ ಜೋಡಿಸುತ್ತದೆ. ಇದರಿಂದ ವೇಗ ಹೆಚ್ಚುತ್ತದೆಂಬ ಮಾತನ್ನು ನಾನು ಪೂರ್ತಿ ನಂಬುವವನಲ್ಲ: ನಲ್ಲಿಯೇ ಸಣ್ಣದಿದ್ದರೆ ಎಂಟು ಕೊಡ ಇಟ್ಟರೂ ಬೀಳುವ ನೀರು ಅಷ್ಟೇ. ಆ ಕಡೆಯ ಸರ್ವರ್ ಒಂದೊಂದು ಸಂಪರ್ಕಕ್ಕೂ ಮಿತಿ ಹಾಕಿದ್ದರೆ ಲಾಭವುಂಟು. ನನಗೆ ದಕ್ಕಿದ್ದು ನಿಂತಲ್ಲಿಂದಲೇ ಮುಂದುವರಿಸುವ ಗುಂಡಿ. ಅದಕ್ಕೂ ಸರ್ವರ್ ಒಪ್ಪಬೇಕು, ಆ ಮಾತು ಬೇರೆ. ಇನ್ನು ಕರೆಂಟಿನ ಮಾತು: ಈಗ ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಆದರೂ ಕರೆಂಟು ಹೋಗಿ ನಮ್ಮನೆ ಯುಪಿಎಸ್ ಇವತ್ತೂ ಎರಡು ಸಲ ಕುಂಯ್ ಎಂದಿತು.