ಕೀ ಕೊಡುವ ವಾಚು: ಹೊಂದಿಸುವುದು ಬೇರೆ, ಓಡುವುದು ಬೇರೆ

ಬೀರು ಒಪ್ಪ ಮಾಡುವಾಗ ಅಪ್ಪನದೋ ತಾತನದೋ ಒಂದು ಹಳೆಯ ವಾಚು ಕೈಗೆ ಸಿಗುತ್ತದೆ. ಕರ್ನಾಟಕದ ಮನೆಯಾದರೆ ಅದು ಎಚ್‌ಎಂಟಿ ಆಗಿರುವ ಸಾಧ್ಯತೆಯೇ ಹೆಚ್ಚು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಈ ವಾಚುಗಳ ಕಥೆಗೆ 2016ರ ಜನವರಿಯಲ್ಲಿ ಕೇಂದ್ರ ಸಂಪುಟ ತೆರೆ ಎಳೆಯಿತು. ಆದರೂ ಜನತಾ, ಪೈಲಟ್, ಸೋನಾ ಎಂಬ ಹೆಸರುಗಳು ಇನ್ನೂ ಎಷ್ಟೋ ಡಯಲ್‌ಗಳ ಮೇಲೆ ಜೀವಂತವಾಗಿವೆ. ಒಂದಿಪ್ಪತ್ತು ಸುತ್ತು ಕೀ ಕೊಟ್ಟರೆ ಟಿಕ್ ಟಿಕ್ ಸದ್ದು ಶುರು. ಮೊಬೈಲ್ ನೋಡಿ ಟೈಮ್ ಸರಿಮಾಡಿ ಕಟ್ಟಿಕೊಳ್ಳುತ್ತೇವೆ. ಸಂಜೆ ನೋಡಿದರೆ ಒಂದು ನಿಮಿಷ ಹೆಚ್ಚುಕಮ್ಮಿ. ‘ಹಳೇ ಮಾಲು, ಇನ್ನು ನಡೆಯೋಲ್ಲ’ ಎಂದು ಮತ್ತೆ ಬೀರುವಿಗೆ ಸೇರಿಸುತ್ತೇವೆ. ಆ ಒಂದು ನಿಮಿಷದಲ್ಲಿ ವಾಚಿನ ಪಾಲೆಷ್ಟು, ಬೆಳಿಗ್ಗೆ ಹೊಂದಿಸಿದ ಕೈಯ ಪಾಲೆಷ್ಟು ಎಂದು ಕೇಳಿಕೊಳ್ಳುವವರು ಕಡಿಮೆ.

ಇದನ್ನು ಬಿಡಿಸಿ ನೋಡಲು ಒಳಗೆ ಏನು ನಡೆಯುತ್ತದೆ ಎಂಬುದು ಸ್ವಲ್ಪ ತಿಳಿದಿರಬೇಕು. ಕೀ ಕೊಟ್ಟಾಗ ಒಂದು ಪುಟ್ಟ ಡಬ್ಬಿಯೊಳಗಿನ ಉಕ್ಕಿನ ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳಲು ಅದು ತವಕಿಸುತ್ತಲೇ ಇರುತ್ತದೆ. ಆ ಒತ್ತಡವೇ ಹಲ್ಲಿನ ಚಕ್ರಗಳ ಸಾಲನ್ನು ತಿರುಗಿಸುತ್ತದೆ. ತಡೆಯಿಲ್ಲದಿದ್ದರೆ ಇಡೀ ಶಕ್ತಿ ಕೆಲವೇ ಕ್ಷಣಗಳಲ್ಲಿ ಸೋರಿಹೋಗುತ್ತಿತ್ತು. ತಡೆಯುವ ಕೆಲಸ ಬ್ಯಾಲೆನ್ಸ್ ಚಕ್ರದ್ದು. ಕೂದಲೆಳೆಯಷ್ಟು ತೆಳುವಾದ ಹೇರ್‌ಸ್ಪ್ರಿಂಗ್‌ಗೆ ಕಟ್ಟಿಕೊಂಡು ಈ ಚಕ್ರ ಉಯ್ಯಾಲೆಯಂತೆ ಅತ್ತ ಇತ್ತ ತೂಗುತ್ತದೆ. ಪ್ರತಿ ತೂಗಿಗೂ ಒಂದು ಹಲ್ಲಿನ ಅರ್ಧದಷ್ಟು ಮಾತ್ರ ಚಕ್ರಸಾಲನ್ನು ಮುಂದೆ ಬಿಡುತ್ತದೆ. ನಾವು ಕೇಳುವ ಟಿಕ್ ಎಂಬುದು ಆ ತಡೆ ಮತ್ತು ಬಿಡುಗಡೆಯ ಸದ್ದು. ಹಳೆಯ ವಾಚುಗಳಲ್ಲಿ ಸಾಮಾನ್ಯವಾಗಿ ಇದು ಸೆಕೆಂಡಿಗೆ 5 ಸಲ, ಅಂದರೆ ದಿನಕ್ಕೆ 4,32,000 ಸಲ. ಅಷ್ಟರಲ್ಲಿ 50 ಟಿಕ್ ಏರುಪೇರಾದರೆ ವಾಚು ದಿನಕ್ಕೆ 10 ಸೆಕೆಂಡು ತಪ್ಪುತ್ತದೆ. ಹೀಗೆ ಲೆಕ್ಕ ಹಾಕಿದಾಗ ಆ 10 ಸೆಕೆಂಡಿನ ಮೇಲಿನ ಸಿಟ್ಟು ತುಸು ಇಳಿಯುತ್ತದೆ.

ಈಗ ಮುಳ್ಳುಗಳ ವಿಷಯ. ಕ್ರೌನ್, ಅಂದರೆ ಕೀ ಕೊಡುವ ಗುಂಡಿಯನ್ನು ಹೊರಗೆಳೆದು ತಿರುಗಿಸಿದಾಗ ಗಂಟೆ ಮತ್ತು ನಿಮಿಷದ ಮುಳ್ಳುಗಳು ಮಾತ್ರ ಸರಿಯುತ್ತವೆ. ಸೆಕೆಂಡಿನ ಮುಳ್ಳು ನಮ್ಮ ಕೈಗೆ ಸಿಗುವುದಿಲ್ಲ. ಒಳಗಿನ ಚಕ್ರಸಾಲು ಕೆಡದಂತೆ ನಿಮಿಷದ ಮುಳ್ಳಷ್ಟೇ ಹೇಗೆ ಸರಿಯುತ್ತದೆ? ಆ ಮುಳ್ಳು ಕೂತಿರುವ ಪುಟ್ಟ ಕೊಳವೆಯನ್ನು ರಿಪೇರಿಯವರು ಕ್ಯಾನನ್ ಪಿನಿಯನ್ ಎನ್ನುತ್ತಾರೆ. ಅದನ್ನು ನಡುವಿನ ಅಕ್ಷಕ್ಕೆ ಬೆಸೆದಿರುವುದಿಲ್ಲ, ಬಿಗಿಯಾಗಿ ತೊಡಿಸಿರುತ್ತಾರೆ ಅಷ್ಟೆ. ಊದಿದ ಬೆರಳಿನ ಉಂಗುರವನ್ನು ನೆನೆಸಿಕೊಳ್ಳಿ: ಕೈ ಆಡಿಸಿದರೆ ಬೆರಳಿನ ಜೊತೆಗೇ ಬರುತ್ತದೆ, ಹಿಡಿದು ತಿರುವಿದರೆ ಮಾತ್ರ ಜಾರುತ್ತದೆ. ವರ್ಷಗಳು ಕಳೆದಂತೆ ಈ ಹಿಡಿತ ಸಡಿಲವಾಗುವುದುಂಟು. ಆಗ ಸೆಕೆಂಡಿನ ಮುಳ್ಳು ಕರಾರುವಾಕ್ಕಾಗಿ ಓಡುತ್ತಿದ್ದರೂ ನಿಮಿಷದ ಮುಳ್ಳು ಹಿಂದೆ ಬೀಳುತ್ತದೆ. ಇದು ಎಷ್ಟು ಹೊಂದಿಸಿದರೂ ಸರಿಹೋಗುವ ದೋಷವಲ್ಲ; ರಿಪೇರಿಯವರು ಬಿಗಿಮಾಡಿ ಕೊಡಬೇಕು.

ನಮ್ಮಲ್ಲಿ ಹೆಚ್ಚಿನವರು ಎಡವುವುದು ನಿಮಿಷದ ಮುಳ್ಳಿಗೂ ಸೆಕೆಂಡಿನ ಮುಳ್ಳಿಗೂ ಇರಬೇಕಾದ ಹೊಂದಾಣಿಕೆಯಲ್ಲಿ. ಸೆಕೆಂಡಿನ ಮುಳ್ಳು 12ರ ಮೇಲೆ ಬಂದಾಗ ನಿಮಿಷದ ಮುಳ್ಳು ಒಂದು ಗೆರೆಯ ಮೇಲೆ ನೆಟ್ಟಗೆ ನಿಂತಿರಬೇಕು. ಅದು 6ರ ಮೇಲಿದ್ದಾಗ ಇದು ಎರಡು ಗೆರೆಗಳ ಮಧ್ಯೆ ಇರಬೇಕು. ಸೆಕೆಂಡು ಎಲ್ಲಿದೆ ಎಂದು ನೋಡದೆ ನಿಮಿಷದ ಮುಳ್ಳನ್ನು ಗೆರೆಗೆ ಕೂರಿಸಿಬಿಟ್ಟರೆ ಮುಂದೆ ಇಡೀ ದಿನ ಹತ್ತು ಹದಿನೈದೋ ಹತ್ತು ಹದಿನಾರೋ ಎಂಬ ಅನುಮಾನ ತಪ್ಪುವುದಿಲ್ಲ. ಸಂಜೆ ಕಂಡ ಒಂದು ನಿಮಿಷದ ವ್ಯತ್ಯಾಸಕ್ಕೆ ಬಹಳ ಸಲ ಇದೇ ಕಾರಣ.

ಕೆಲವು ವಾಚುಗಳಲ್ಲಿ ಕ್ರೌನ್ ಹೊರಗೆಳೆದ ಕೂಡಲೇ ಒಂದು ಸಣ್ಣ ಸನ್ನೆಕಡ್ಡಿ ಬ್ಯಾಲೆನ್ಸ್ ಚಕ್ರಕ್ಕೆ ತಾಗಿ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಸೈನಿಕರು ಒಟ್ಟಿಗೆ ವಾಚು ಹೊಂದಿಸಿಕೊಳ್ಳಲು ಈ ಏರ್ಪಾಟು ಬಹಳ ನೆರವಾಯಿತು. ನಿಮ್ಮದು ಅಂಥದ್ದಾದರೆ ಕೆಲಸ ಸುಲಭ. ಸೆಕೆಂಡಿನ ಮುಳ್ಳು 12ಕ್ಕೆ ಬಂದ ಕ್ಷಣಕ್ಕೆ ಕ್ರೌನ್ ಎಳೆಯಿರಿ. ನಿಮಿಷದ ಮುಳ್ಳನ್ನು ಬರಲಿರುವ ನಿಮಿಷಕ್ಕಿಂತ ತುಸು ಹಿಂದಕ್ಕೆ ಒಯ್ದು, ಅಲ್ಲಿಂದ ನಿಧಾನವಾಗಿ ಮುಂದೆ ತಂದು ಗೆರೆಯ ಮೇಲೆ ನಿಲ್ಲಿಸಿ. ಹಿಂದೆ ಹೋಗಿ ಮುಂದೆ ಬರುವುದಕ್ಕೆ ಕಾರಣವಿದೆ. ಹಲ್ಲಿಗೆ ಹಲ್ಲು ಕೂಡುವಲ್ಲೆಲ್ಲ ಕೂದಲೆಳೆಯ ಸಡಿಲ ಇದ್ದೇ ಇರುತ್ತದೆ. ಓಡುವ ದಿಕ್ಕಿಗೇ ಮುಳ್ಳನ್ನು ತಂದು ನಿಲ್ಲಿಸಿದರೆ ಆ ಸಡಿಲ ಆಗಲೇ ತುಂಬಿರುತ್ತದೆ. ಇನ್ನು ಕಾಯುವುದಷ್ಟೇ, ನಿಜವಾದ ನಿಮಿಷ ಬಂದಾಗ ಕ್ರೌನ್ ಒಳಗೆ ಒತ್ತಿ.

ಸೆಕೆಂಡು ನಿಲ್ಲದ ವಾಚಿಗೆ ಬೇರೆ ಉಪಾಯ ಬೇಕು. ಕ್ರೌನನ್ನು ಹಿಮ್ಮುಖವಾಗಿ ಮೆಲ್ಲಗೆ ಒತ್ತಿ ಹಿಡಿದರೆ ಎಷ್ಟೋ ವಾಚುಗಳಲ್ಲಿ ಸೆಕೆಂಡಿನ ಮುಳ್ಳು ನಿಲ್ಲುತ್ತದೆ. ಆದರೆ ಒಳಗಿನ ಸೂಕ್ಷ್ಮ ಭಾಗಗಳಿಗೆ ಉಲ್ಟಾ ಒತ್ತಡ ಬೀಳುವುದರಿಂದ ಹಳೆಯ ವಾಚಿನಲ್ಲಿ ಈ ಪ್ರಯೋಗ ನನಗೆ ಇಷ್ಟವಿಲ್ಲ. ತಾಳ್ಮೆಯ ದಾರಿ ಇನ್ನೊಂದಿದೆ. ಕೀ ಇಳಿದು ವಾಚು ತಾನಾಗಿ ನಿಲ್ಲಲಿ. ಸೆಕೆಂಡಿನ ಮುಳ್ಳು 37ರಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ. ನಿಮಿಷದ ಮುಳ್ಳನ್ನು ಎರಡು ಗೆರೆಗಳ ನಡುವೆ ಅರ್ಧಕ್ಕಿಂತ ಸ್ವಲ್ಪ ಮುಂದೆ ಇಡಿ. ನಿಜವಾದ ಸಮಯವೂ ಆ ನಿಮಿಷದ 37ನೇ ಸೆಕೆಂಡಿಗೆ ಬಂದಾಗ ಕೀ ಕೊಡಲು ಶುರುಮಾಡಿ. ವಾಚು ಅಲ್ಲಿಂದಲೇ ಹೆಜ್ಜೆ ಹಾಕುತ್ತದೆ.

ತಾರೀಕು ತೋರಿಸುವ ವಾಚಾದರೆ ಒಂದು ಎಚ್ಚರಿಕೆ ಸಾಕು. ರಾತ್ರಿ ಸುಮಾರು 9ರಿಂದ ಬೆಳಗಿನ ಜಾವ 3ರವರೆಗೆ ತಾರೀಕು ಬದಲಿಸುವ ಹಲ್ಲು ಕಚ್ಚಿಕೊಂಡಿರಬಹುದು. ಆ ಹೊತ್ತಿನಲ್ಲಿ ಕ್ರೌನ್‌ನಿಂದ ತಾರೀಕು ತಿರುಗಿಸಿದರೆ ಹಲ್ಲು ಮುರಿಯುವ ಅಪಾಯವಿದೆ.

ಇಷ್ಟೆಲ್ಲ ಮಾಡಿದರೂ ಯಾವ ಸಮಯಕ್ಕೆ ಹೊಂದಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಭಾರತದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳು. ಒಂದು ಕಾಲಕ್ಕೆ ಮನೆಗಳಿಗೆ ಸಮಯ ತಲುಪುತ್ತಿದ್ದುದು ಆಕಾಶವಾಣಿಯ ವಾರ್ತೆಗೆ ಮುಂಚಿನ ಪಿಪ್ ಸದ್ದಿನಿಂದ. ರೇಡಿಯೊ ಮುಂದೆ ಕ್ರೌನ್ ಹಿಡಿದು ಕೂರುತ್ತಿದ್ದ ಅಪ್ಪಂದಿರನ್ನು ನೋಡಿದವರು ಈಗಲೂ ಇದ್ದಾರೆ. ಹಳೆಯ ಮೀಡಿಯಂ ವೇವ್ ರೇಡಿಯೊದಲ್ಲಿ ಆ ಸದ್ದು ಹೊರಟ ಕ್ಷಣಕ್ಕೇ ಕಿವಿಗೆ ಬೀಳುತ್ತಿತ್ತು. ಅದೇ ಕಾರ್ಯಕ್ರಮವನ್ನು ಇಂದು ಮೊಬೈಲ್ ಆ್ಯಪ್‌ನಲ್ಲಿ ಕೇಳಿದರೆ ಕೆಲವು ಸೆಕೆಂಡು ತಡ. ಟಿವಿಯ ಮೂಲೆಯಲ್ಲಿ ಕಾಣುವ ಗಡಿಯಾರವೂ ಹಾಗೆಯೇ. ಮಾತು ಮತ್ತು ಚಿತ್ರವನ್ನು ಅಂಕಿಗಳಾಗಿಸಿ ಕಳಿಸಿ ಮತ್ತೆ ಬಿಡಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಇಂಟರ್ನೆಟ್ಟಿನಿಂದ ತಾನೇ ಸರಿಮಾಡಿಕೊಳ್ಳುವ ಮೊಬೈಲ್ ಗಡಿಯಾರ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಸೆಕೆಂಡು ಕಾಣುವಂತೆ ಅದನ್ನು ತೆರೆದಿಟ್ಟುಕೊಳ್ಳಬೇಕು, ಅಷ್ಟೆ.

ಸರಿಯಾಗಿ ಹೊಂದಿಸಿದ ವಾಚು ಸರಿಯಾಗಿಯೇ ಉಳಿಯುತ್ತದೆಯೇ? ಇಲ್ಲ. ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರ ಪಡೆಯುವ ದುಬಾರಿ ವಾಚಿಗೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಬೀಳಲು, 6 ಸೆಕೆಂಡು ಮುಂದೆ ಓಡಲು ರಿಯಾಯಿತಿ ಇದೆ. ಕೀ ಇಳಿಯುತ್ತ ಬಂದಂತೆ ಬ್ಯಾಲೆನ್ಸ್ ಚಕ್ರದ ತೂಗು ಕಿರಿದಾಗುತ್ತದೆ. ಡಯಲ್ ಮೇಲ್ಮುಖವಾಗಿ ಮಲಗಿಸಿದಾಗ ಇರುವ ವೇಗ ನಿಲ್ಲಿಸಿಟ್ಟಾಗ ಇರುವುದಿಲ್ಲ, ಏಕೆಂದರೆ ಅಕ್ಷದ ತುದಿಗಳ ಮೇಲಿನ ತಿಕ್ಕಾಟ ಬದಲಾಗುತ್ತದೆ. ಸ್ಪೀಕರ್ ಅಥವಾ ಪರ್ಸಿನ ಅಯಸ್ಕಾಂತದ ಹತ್ತಿರ ಇಟ್ಟರೆ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ದಿನಕ್ಕೆ ಹಲವು ನಿಮಿಷ ಮುಂದೆ ಓಡುವುದೂ ಉಂಟು. ಇದ್ದಕ್ಕಿದ್ದಂತೆ ವಿಪರೀತ ಫಾಸ್ಟ್ ಆದರೆ ಮೊದಲ ಅನುಮಾನ ಇದರ ಮೇಲೆ. ಅಯಸ್ಕಾಂತತ್ವ ತೆಗೆಯುವುದು ರಿಪೇರಿ ಅಂಗಡಿಯಲ್ಲಿ ಒಂದು ನಿಮಿಷದ ಕೆಲಸ.

ಇಲ್ಲಿ ಹಡಗಿನವರ ರೂಢಿಯೊಂದನ್ನು ನೆನೆಯಬೇಕು. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಮಾಡಿದ, ಎಚ್4 ಎಂದು ಹೆಸರಾದ ದೊಡ್ಡ ವಾಚನ್ನು 1761ರ ನವೆಂಬರ್‌ನಲ್ಲಿ ಪೋರ್ಟ್ಸ್‌ಮತ್‌ನಿಂದ ಜಮೈಕಾಕ್ಕೆ ಒಯ್ದರು. ಹೊರಡುವ ಮೊದಲು ಪರೀಕ್ಷಿಸಿದಾಗ ಅದು 9 ದಿನದಲ್ಲಿ 24 ಸೆಕೆಂಡು ಹಿಂದೆ ಬಿದ್ದಿತ್ತು. ಆ ನಿಧಾನವನ್ನು ಬರೆದಿಟ್ಟುಕೊಂಡರು. ಜಮೈಕಾ ತಲುಪಿದ ಮೇಲೆ ಅದೇ ಲೆಕ್ಕದಲ್ಲಿ ಕೂಡಿಸಿ ನೋಡಿದರೆ ಉಳಿದ ತಪ್ಪು ಸುಮಾರು 5 ಸೆಕೆಂಡು ಮಾತ್ರ! ಅದರ ಕೀರ್ತಿ ನಿಂತಿರುವುದು ಒಂದೇ ಹದದಲ್ಲಿ ತಪ್ಪುತ್ತಿತ್ತು ಎಂಬುದರ ಮೇಲೆ. ಮುಂದೆ ಹಡಗಿನ ಕ್ರೋನೋಮೀಟರುಗಳನ್ನು ಬಳಸಿದವರೂ ದಿನದ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದುಕೊಂಡರೇ ಹೊರತು ಮುಳ್ಳಿಗೆ ಕೈ ಹಚ್ಚಲಿಲ್ಲ.

ಮನೆಯ ವಾಚಿಗೂ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ದಿನವೂ ಮುಳ್ಳು ತಿರುವುತ್ತಿದ್ದರೆ ವಾಚಿನ ಸ್ವಭಾವ ಎಂದಿಗೂ ತಿಳಿಯುವುದಿಲ್ಲ, ಕ್ರೌನ್ ಮಾತ್ರ ಸವೆಯುತ್ತದೆ. ದಿನಕ್ಕೆ 20 ಸೆಕೆಂಡು ಒಂದೇ ಸಮ ಫಾಸ್ಟ್ ಇರುವ ವಾಚು ಒಳ್ಳೆಯ ವಾಚು. ರಿಪೇರಿಯವರು ಒಳಗಿನ ಸಣ್ಣ ಕಡ್ಡಿಯನ್ನು ಕೊಂಚ ಸರಿಸಿ ಅದನ್ನು ತಿದ್ದಬಲ್ಲರು. ಇವತ್ತು ಫಾಸ್ಟ್, ನಾಳೆ ಸ್ಲೋ ಎನ್ನುವ ವಾಚಿಗೆ ಬೇಕಾದದ್ದು ಶುಚಿ ಮತ್ತು ಎಣ್ಣೆ. ಯಾವುದು ಯಾವುದೆಂದು ಹೇಳಲು ಅವರಿಗೂ ನಿಮ್ಮಿಂದ ಒಂದು ವಾರದ ಲೆಕ್ಕ ಬೇಕು. ಆದ್ದರಿಂದ ಭಾನುವಾರ ಬೆಳಿಗ್ಗೆ ಒಮ್ಮೆ ಸೆಕೆಂಡಿಗೆ ಸರಿಯಾಗಿ ಹೊಂದಿಸಿ. ದಿನವೂ ಅದೇ ಹೊತ್ತಿಗೆ ಕೀ ಕೊಟ್ಟು, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ವ್ಯತ್ಯಾಸ ಬರೆದಿಡಿ. ಮುಂದಿನ ಭಾನುವಾರದವರೆಗೆ ಮುಳ್ಳನ್ನು ಮುಟ್ಟಬೇಡಿ.