ವಾರ್ಡಿನಾಚೆಯ ಪಾಠ
ಆಕ್ಯುಪೇಷನಲ್ ಥೆರಪಿ ಓದುವ ಮಕ್ಕಳು ವಾರ್ಡಿನಲ್ಲಿ ಕಳೆದಷ್ಟೇ ಹೊತ್ತನ್ನು ಹಳ್ಳಿ, ಕೇರಿಯ ಮನೆಗಳಲ್ಲೂ ಕಳೆಯಬೇಕು. 1950ರಲ್ಲಿ ಕಮಲಾ ನಿಂಬಕರ್ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಭಾರತದಲ್ಲಿ ಈ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. ಆಸ್ಪತ್ರೆಯಲ್ಲಿ ಬೇರೂರಿದ ವಿದ್ಯೆ ಈಗ ಮನೆಬಾಗಿಲಿಗೂ ಬರಬೇಕು. ಆಕ್ಯುಪೇಷನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ತರಬೇತಿ ಬೇಕೆನ್ನುತ್ತದೆ. ಆ ಗಂಟೆಗಳು ಎಲ್ಲಿ ಕಳೆಯುತ್ತವೆ ಎಂಬುದೇ ನನಗೆ ಮುಖ್ಯ. ಪಾರ್ಶ್ವವಾಯು ಬಡಿದ ಒಬ್ಬ ಅಜ್ಜಿಯನ್ನೇ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ಕುರ್ಚಿಯಿಂದ ಏಳುವುದು, ಚಮಚ ಹಿಡಿಯುವುದು ರೂಢಿಯಾಯಿತು. ಮನೆಯಲ್ಲಿ ಊಟ ನೆಲದ ಮೇಲೆ, ಮುದ್ದೆ ಮುರಿಯಬೇಕಾದದ್ದು ಬೆರಳಿನಲ್ಲಿ. ಈಳಿಗೆಮಣೆಯ ಮುಂದೆ ಕೂರಲು ಮಂಡಿ ಮಡಚದು. ಬಚ್ಚಲಿಗೆ ಎತ್ತರದ ಹೊಸ್ತಿಲು, ಹಂಡೆಯಿಂದ ನೀರು ಮೊಗೆಯಲು ಒಂದೇ ಕೈ. ಅಲ್ಲಿ ನಿಂತ ವಿದ್ಯಾರ್ಥಿನಿ ವ್ಯಾಯಾಮದ ಪಟ್ಟಿ ತೆಗೆಯುವ ಮೊದಲು "ಅಜ್ಜೀ, ಮೊದಲು ನಿಮಗೆ ಯಾವ ಕೆಲಸ ಮಾಡೋಕಾಗಬೇಕು?" ಎಂದು ಕೇಳಬೇಕು. "ಸ್ನಾನ ನಾನೇ ಮಾಡ್ಕೋಬೇಕು ಕಣವ್ವ" ಎಂದರೆ ಗುರಿ ಅದೇ. ಗೋಡೆಗೊಂದು ಹಿಡಿಕೆ, ಕೂರಲೊಂದು ಸ್ಟೂಲು ಬೇಕು; ಊರಿನ ಬಡಗಿ, ಆಶಾ ಕಾರ್ಯಕರ್ತೆ, ಸೊಸೆ ಎಲ್ಲರೂ ಆ ಚಿಕಿತ್ಸೆಯ ಭಾಗವಾಗುತ್ತಾರೆ. ಒಂದು ದಿನದ ಶಿಬಿರದಿಂದ ಈ ಪರಿಣತಿ ಬರುವುದಿಲ್ಲ. ಅನುಭವಿ ಶಿಕ್ಷಕರ ಜೊತೆ ಅದೇ ಮನೆಗೆ ಮತ್ತೆ ಮತ್ತೆ ಹೋಗಬೇಕು. ಬಸ್ ಚಾರ್ಜಿನಿಂದ ಹಿಡಿದು ಶಿಕ್ಷಕರ ಸಮಯದವರೆಗೆ ಕಾಲೇಜುಗಳು ಇದಕ್ಕೆ ಖರ್ಚು ಮಾಡಲೇಬೇಕು.