ಕೊಣ್ಣೂರಿನ ಸುಳ್ಳಿನಿಂದಲೇ ಪಾಠ ಶುರುವಾಗಲಿ

"ಕಾಕಾ, ನಿಮಗ ನೆಟ್‌ನ್ಯಾಗ ಹುಡುಕೂ ಚಟ ಐತಿ. ನನಗೊಂದ್ ಕೆಲಸಾ ಮಾಡಿಕೊಡ್ರಿ."

ಪಕ್ಕದ ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಅಕ್ಕೋರು ಕಳೆದ ವಾರ ಮನೆಗೆ ಬಂದವರು ಚಹಾ ಮುಟ್ಟುವ ಮೊದಲೇ ಹೀಗಂದರು. ಹತ್ತನೇ ತರಗತಿಯ ಪುಸ್ತಕದಲ್ಲಿ ದೇಶದ ಸವಾಲುಗಳ ಪಾಠ ಇದೆ. ನಿರುದ್ಯೋಗ, ಭ್ರಷ್ಟಾಚಾರದ ಸಾಲಿನಲ್ಲೇ ಭಯೋತ್ಪಾದನೆಯೂ ಕೂತಿದೆ. ಪುಸ್ತಕದಲ್ಲಿದ್ದದ್ದು ಒಂದು ಪಿರಿಯಡ್‌ಗೆ ಮುಗಿಯುತ್ತದೆ, ಹುಡುಗರ ಪ್ರಶ್ನೆ ಮುಗಿಯುವುದಿಲ್ಲ. "ಮಾಡಿದವ್ರು ಯಾರ್ರಿ, ಹಿಡದವ್ರನ್ನ ಏನ್ ಮಾಡಿದ್ರು, ಸತ್ತವರ ಮನ್ಯಾಗ ಈಗ ಹೆಂಗದಾರ ಅಂತ ಕೇಳ್ತಾರ. ನಾ ಬಾಯಿ ತೆರೀದರಾಗ ಅವರ ಮೊಬೈಲ್ ಹೇಳಿಬಿಟ್ಟಿರ್ತೈತಿ. ನಂಬೂವಂಥಾ ಜಾಗಾ ಯಾವುದೈತಿ, ತೋರಸ್ರಿ."

ಇದೇನು ದೊಡ್ಡ ಕೆಲಸ ಎಂದುಕೊಂಡು ಕೂತೆ. ನಾಲ್ಕು ರಾತ್ರಿ ಹಿಡಿಯಿತು.

ಮೊದಲ ರಾತ್ರಿ ಸಿಕ್ಕಿದ್ದು ನಮ್ಮ ಮಗ್ಗುಲಿನ ಕಥೆಯೇ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಗುಂಡಿಕ್ಕಿ ಕೊಂದರು. ಸತ್ತವರಲ್ಲಿ ಶಿವಮೊಗ್ಗದಿಂದ ಹೋದ ಪ್ರವಾಸಿಯೂ ಇದ್ದರು, ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿನ ಮುಸ್ಲಿಂ ಯುವಕನೂ ಇದ್ದ. ಮೇ 7ರಂದು, ಅದಕ್ಕೆ ಉತ್ತರವಾಗಿ ನಮ್ಮ ಸೇನೆ ನಡೆಸಿದ ಆಪರೇಷನ್ ಸಿಂಧೂರದ ವಿವರ ಹೇಳಲು ಟಿವಿ ಮುಂದೆ ಬಂದ ಕರ್ನಲ್ ಸೋಫಿಯಾ ಖುರೇಷಿ ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ. ಊರಿಗೆ ಊರೇ ಹೆಮ್ಮೆಪಟ್ಟಿತು. ಒಂದೇ ವಾರ. ಆ ಮನೆಯ ಮೇಲೆ ದಾಳಿಯಾಗಿದೆ ಎಂದು ಎಕ್ಸ್‌ನಲ್ಲಿ ಯಾರೋ ಬರೆದರು, ಜನ ಹಂಚಿದರು. ಬೆಳಗಾವಿ ಎಸ್‌ಪಿ ಆಗಿದ್ದ ಭೀಮಾಶಂಕರ ಗುಳೇದ ಅವರೇ ಇದು ಹಸಿ ಸುಳ್ಳು ಎಂದು ಹೇಳಬೇಕಾಯಿತು, ಏನೂ ಆಗದ ಮನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಕೊಣ್ಣೂರಿನವರು ಬಾಗಿಲು ತೆರೆದು ನೋಡಿದ್ದರೆ ಸತ್ಯ ಓಣಿಯಲ್ಲೇ ನಿಂತಿತ್ತು. ಆದರೆ ಹಂಚಿದವರು ಕೊಣ್ಣೂರಿಗೆ ಹೋಗಿ ನೋಡಿದವರಲ್ಲ.

ಶ್ರೀಕೃಷ್ಣ ಪಾರಿಜಾತ ಬಯಲಾಟದ ಕುಲಗೋಡ ತಮ್ಮಣ್ಣನ ಊರಿನವನಿಗೆ ಇಂಥ ಹೊತ್ತಿನಲ್ಲಿ ಆಟವೇ ನೆನಪಾಗುತ್ತದೆ. ಹೂವು ರುಕ್ಮಿಣಿಯ ಪಾಲಾಯಿತು ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸತ್ಯಭಾಮೆ ಸಿಡಿಯುತ್ತಾಳೆ. ಹೂವನ್ನು ಅವಳು ಕಣ್ಣಾರೆ ಕಂಡಿಲ್ಲ. ಆದರೂ ಭಾಮೆಗೆ ಮುಟ್ಟಿದ ಸುದ್ದಿ ಖರೆ ಇತ್ತು. ನಮಗೆ ಮುಟ್ಟುತ್ತಿರುವುದು ಅದೂ ಅಲ್ಲ.

ಆ ದಿನಗಳಲ್ಲಿ ಸುಳ್ಳು ಹೇಳಿದವರು ಅನಾಮಿಕರಷ್ಟೇ ಅಲ್ಲ. ಕರಾಚಿ ಬಂದರು ನಾಶವಾಯಿತೆಂದು ನಮ್ಮ ದೊಡ್ಡ ದೊಡ್ಡ ಚಾನೆಲ್‌ಗಳೇ ಕಿರುಚಿದವು. ಗುಜರಾತಿನ ಹಜೀರಾ ಬಂದರಿನ ಮೇಲೆ ದಾಳಿ ಎಂದು ಹರಿದಾಡಿದ ವಿಡಿಯೊ 2021ರ ತೈಲ ಟ್ಯಾಂಕರ್ ಸ್ಫೋಟದ್ದೆಂದು ಪಿಐಬಿ ಫ್ಯಾಕ್ಟ್ ಚೆಕ್ ಬಿಡಿಸಿ ಹೇಳಿತು. ಪಹಲ್ಗಾಮ್‌ನಲ್ಲಿ ಹತರಾದ ನೌಕಾಪಡೆಯ ಅಧಿಕಾರಿ ಹೆಂಡತಿಯೊಂದಿಗೆ ಕುಣಿದ ಕೊನೆಯ ಗಳಿಗೆ ಎಂದು ಜನ ಕಣ್ಣೀರಿಟ್ಟ ವಿಡಿಯೊದಲ್ಲಿದ್ದದ್ದು ಬೇರೆ ಜೋಡಿ. ನಾವು ಬದುಕಿದ್ದೇವೆ ಎಂದು ಅವರೇ ಬಂದು ಹೇಳಿದರು. ಪಿಐಬಿಯನ್ನು ನೋಡಿ ಎಂದು ಅಕ್ಕೋರಿಗೆ ಬರೆದುಕೊಟ್ಟೆ. ಅದು ಸರ್ಕಾರದ್ದೇ ಅಂಗ, ಸರ್ಕಾರಕ್ಕೆ ಬೇಕಾದ ಸುಳ್ಳನ್ನು ಅದು ಬಯಲಿಗೆಳೆಯಲಿಕ್ಕಿಲ್ಲ ಎಂಬುದನ್ನೂ ಕೆಳಗೆ ಬರೆದೆ.

ಎರಡನೇ ರಾತ್ರಿ ಇಂಗ್ಲಿಷ್ ಕಡಲಿಗೆ ಇಳಿದೆ. ನ್ಯೂಯಾರ್ಕಿನ 9/11 ಸ್ಮಾರಕದವರು ಶಿಕ್ಷಕರಿಗೆಂದೇ ಪಾಠಯೋಜನೆ ಇಟ್ಟಿದ್ದಾರೆ, ತರಗತಿವಾರು. ಚಿಕ್ಕ ಮಕ್ಕಳಿಗೆ ಎಷ್ಟು ಹೇಳಬೇಕು, ಯಾವ ಚಿತ್ರ ತೋರಿಸಬಾರದು ಎಂಬ ಎಚ್ಚರ ಅಲ್ಲಿದೆ. ನೋಡಿ ಹೊಟ್ಟೆಕಿಚ್ಚಾಯಿತು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಗ್ಲೋಬಲ್ ಟೆರರಿಸಂ ಡೇಟಾಬೇಸ್‌ನಲ್ಲಿ 1970ರಿಂದ 2020ರವರೆಗಿನ ಎರಡು ಲಕ್ಷಕ್ಕೂ ಹೆಚ್ಚು ಘಟನೆಗಳಿವೆ. ದಿಲ್ಲಿಯ ಸೌತ್ ಏಷ್ಯಾ ಟೆರರಿಸಂ ಪೋರ್ಟಲ್ ನಮ್ಮ ಸೀಮೆಯ ಲೆಕ್ಕ ಇಡುತ್ತದೆ, ಪಂಜಾಬಿನ ಪೊಲೀಸ್ ಮುಖ್ಯಸ್ಥರಾಗಿದ್ದ ಕೆ.ಪಿ.ಎಸ್. ಗಿಲ್ ಕಟ್ಟಿದ ಸಂಸ್ಥೆಯದು. ಎರಡೂ ಬಹುಪಾಲು ಪತ್ರಿಕೆಗಳ ಸುದ್ದಿಯಿಂದಲೇ ಲೆಕ್ಕ ತೆಗೆಯುತ್ತವೆ. ಅಂದರೆ ಸುದ್ದಿ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಭಯೋತ್ಪಾದನೆ ಎಂದರೇನು ಎಂಬುದಕ್ಕೆ ಇಡೀ ಜಗತ್ತು ಒಪ್ಪಿದ ಒಂದೇ ವ್ಯಾಖ್ಯೆ ವಿಶ್ವಸಂಸ್ಥೆಯಲ್ಲೂ ಇಲ್ಲ. ಹತ್ತನೇ ತರಗತಿಯಲ್ಲಿ ಮಾತ್ರ ಎರಡು ಅಂಕಕ್ಕೆ ವ್ಯಾಖ್ಯೆ ಬರೆಯಬೇಕು!

ಮೂರನೇ ರಾತ್ರಿ ಹುಬ್ಬಳ್ಳಿಗೆ ಬಂದೆ. ನನ್ನ ನಿದ್ದೆ ಕೆಡಿಸಿದ್ದು ಇದು.

ನಮ್ಮ ಹುಡುಗರಿಗೆ ನ್ಯೂಯಾರ್ಕಿನ ಅವಳಿ ಗೋಪುರ ಗೊತ್ತು. 2000ದ ಜುಲೈನಲ್ಲಿ ಹುಬ್ಬಳ್ಳಿಯ ಚರ್ಚಿನಲ್ಲಿ ಬಾಂಬ್ ಸಿಡಿದದ್ದು ಗೊತ್ತಿಲ್ಲ. ಅದಕ್ಕೂ ಮೊದಲು ವಾಡಿಯಲ್ಲಿ, ಮರುದಿನವೇ ಬೆಂಗಳೂರಿನಲ್ಲಿ. 2008ರ ಮೇ 10, ವಿಧಾನಸಭೆ ಚುನಾವಣೆಯ ಮೊದಲ ಹಂತದ ಮತದಾನದ ದಿನ, ಹುಬ್ಬಳ್ಳಿಯ ಕೋರ್ಟಿನಲ್ಲೇ ಸ್ಫೋಟವಾಯಿತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಭಯೋತ್ಪಾದನೆಯ ಸಂಚು ಎಂದು ಇನ್ನೊಂದು ಪ್ರಕರಣ ದಾಖಲಾಯಿತು. ಡಾಕ್ಟರು, ಸಾಫ್ಟ್‌ವೇರ್ ಎಂಜಿನಿಯರು ಸೇರಿ 17 ಜನರ ಮೇಲೆ ವಿಚಾರಣೆ ನಡೆಯಿತು. 2015ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ 17 ಜನರನ್ನೂ ದೋಷಮುಕ್ತ ಮಾಡಿತು. ಏಳು ವರ್ಷ! 2008ರ ಸುದ್ದಿ ಇವತ್ತೂ ನೆಟ್‌ನಲ್ಲಿ ಢಾಳಾಗಿ ಸಿಗುತ್ತದೆ. ಬಿಡುಗಡೆಯ ಸುದ್ದಿಯನ್ನು ಕೆದಕಿ ತೆಗೆಯಬೇಕು. ಹುಡುಗನೊಬ್ಬ ಮೊದಲ ಸುದ್ದಿ ಓದಿ ಮುಚ್ಚಿಟ್ಟರೆ ಅವನ ಪಾಲಿಗೆ ಆ 17 ಜನ ಈಗಲೂ ಅಪರಾಧಿಗಳು.

ಇದರ ಇನ್ನೊಂದು ಮಗ್ಗುಲೂ ಇದೆ. ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರ ಮಧ್ಯಾಹ್ನ ಸದ್ದಾದಾಗ ಸಿಲಿಂಡರ್ ಸಿಡಿದಿರಬೇಕು ಎಂದರು. ಸಂಜೆ ಹೊತ್ತಿಗೆ ಮುಖ್ಯಮಂತ್ರಿಗಳೇ ಬಾಂಬ್ ಎಂದರು. ಮಂಗಳೂರಿನಲ್ಲಿ 2022ರ ನವೆಂಬರ್ 19ರಂದು ಆಟೊ ಹೊತ್ತಿದಾಗಲೂ ಕುಕ್ಕರ್ ಬಾಂಬ್ ಎಂಬುದು ತಕ್ಷಣಕ್ಕೆ ಯಾರಿಗೂ ಹೊಳೆಯಲಿಲ್ಲ. ಮೊದಲ ದಿನದ ಸುದ್ದಿ ಎರಡೂ ಕಡೆಗೆ ಎಡವುತ್ತದೆ. ಬಾಂಬನ್ನು ಸಿಲಿಂಡರ್ ಎನ್ನುತ್ತದೆ, ನಿರಪರಾಧಿಯನ್ನು ಉಗ್ರ ಎನ್ನುತ್ತದೆ.

ಹಾಗಾದರೆ ನಂಬುವುದು ಯಾವುದನ್ನು? ನನ್ನ ಮಟ್ಟಿಗೆ ಉತ್ತರ ಸೀದಾ: ನಿಧಾನವಾಗಿ ಬಂದದ್ದನ್ನು. ದೋಷಾರೋಪ ಪಟ್ಟಿಗಿಂತ ತೀರ್ಪು ಮೇಲು, ಕೆಳಗಿನ ಕೋರ್ಟಿನ ತೀರ್ಪಿಗಿಂತ ಮೇಲ್ಮನವಿ ಮುಗಿದ ತೀರ್ಪು ಮೇಲು. ಮುಂಬೈ ದಾಳಿಯ ಬಗ್ಗೆ ಹುಡುಗರು ನೂರು ವಿಡಿಯೊ ನೋಡಿರುತ್ತಾರೆ. ಕಸಬ್ ಪ್ರಕರಣದಲ್ಲಿ 2012ರ ಆಗಸ್ಟ್ 29ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪು ಇಂಡಿಯನ್ ಕಾನೂನ್ ತಾಣದಲ್ಲಿ ಪುಕ್ಕಟೆ ಇದೆ. 166 ಜನ ಹೇಗೆ ಸತ್ತರು, ಯಾರು ಸಾಕ್ಷಿ ಹೇಳಿದರು, ಕೊಂದವನಿಗೂ ವಕೀಲರನ್ನು ಕೊಟ್ಟು ಈ ದೇಶ ವಿಚಾರಣೆ ನಡೆಸಿದ್ದು ಹೇಗೆ, ಎಲ್ಲವೂ ಅದರಲ್ಲಿದೆ. ಕಾಲಿಗೆ ಗುಂಡು ಬಿದ್ದ ಪುಟ್ಟ ಹುಡುಗಿಯೊಬ್ಬಳು ಊರುಗೋಲು ಊರಿಕೊಂಡು ಕೋರ್ಟಿಗೆ ಬಂದು ಅವನನ್ನು ಗುರುತಿಸಿದಳು. ಬೆಳೆದ ಮೇಲೆ, ಸರ್ಕಾರದವರು ಕೊಡುತ್ತೇವೆಂದ ಮನೆಗಾಗಿ ಅದೇ ಹುಡುಗಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ದಾಳಿಯ ನಂತರದ ಬದುಕು ಎಂದರೆ ಏನೆಂದು ತಿಳಿಸಲು ಹುಡುಗರಿಗೆ ಅವಳೊಬ್ಬಳ ಕಥೆ ಸಾಕು. ಪುಸ್ತಕದಲ್ಲಿ ಅದು ಇಲ್ಲ.

ಆದರೆ ಈ ನಿಧಾನದ ಸತ್ಯ ಬಹುಪಾಲು ಇರುವುದು ಇಂಗ್ಲಿಷಿನಲ್ಲಿ, ಅದೂ ವಕೀಲರ ಇಂಗ್ಲಿಷಿನಲ್ಲಿ. ಸುಳ್ಳು ಮಾತ್ರ ಚಂದದ ಕನ್ನಡದಲ್ಲಿ, ಹಾಡು ಹಚ್ಚಿಕೊಂಡು ಬರುತ್ತದೆ. ಸುಪ್ರೀಂ ಕೋರ್ಟ್ ಈಗ ಕೆಲವು ತೀರ್ಪುಗಳನ್ನು ಕನ್ನಡಕ್ಕೂ ತರುತ್ತಿದೆ, ಸಂತೋಷ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ದೀಕ್ಷಾ ತಾಣ ಇದೆ, ಶಿಕ್ಷಕರೇ ಬರೆದು ಸೇರಿಸಬಹುದಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ಇದೆ. ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನ ನಾಲ್ಕು ಪ್ರಕರಣಗಳನ್ನು ಮೊದಲ ದಿನದ ಸುದ್ದಿಯಿಂದ, ತೀರ್ಪು ಬಂದಿದ್ದರೆ ಕಡೆಯ ತೀರ್ಪಿನವರೆಗೆ ಹುಡುಗರ ಕನ್ನಡದಲ್ಲಿ ಬರೆದು ಅಲ್ಲಿ ಹಾಕುವುದು ಇಲಾಖೆಗೆ ಅಂಥಾ ಭಾರವೇನಲ್ಲ. ಭಯೋತ್ಪಾದನಾ ವಿರೋಧಿ ದಿನದ ಪ್ರತಿಜ್ಞೆಯನ್ನು ಕಚೇರಿಗಳಲ್ಲಿ ತಪ್ಪದೆ ಓದಿಸುತ್ತೇವೆ. ಅದು ರಾಜೀವ್ ಗಾಂಧಿ ಹತ್ಯೆಯಾದ ಮೇ 21. ಆಗ ಶಾಲೆಗೆ ರಜೆ, ಹುಡುಗರು ಹೊಳ್ಯಾಗ ಈಜುತ್ತಿರುತ್ತಾರೆ. ಆ ಹತ್ಯೆಯ ರೂವಾರಿ ಶಿವರಾಸನ್ ಅಡಗಿದ್ದು, ಸತ್ತದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ ಎಂದು ಎಷ್ಟು ಹುಡುಗರಿಗೆ ಗೊತ್ತಿದೆಯೋ.

ನಾಲ್ಕನೇ ರಾತ್ರಿ ಬರೆಯಲು ಕೂತೆ. ಹನ್ನೊಂದು ಹಾಳೆಯಾಯಿತು. ಮೊದಲ ಹಾಳೆ ಕೊಣ್ಣೂರಿನದು. ಪಾಠ ಅಲ್ಲಿಂದಲೇ ಶುರುಮಾಡ್ರಿ ಅವ್ವಾ, ಈ ಸುದ್ದಿ ಖರೆ ಹೌದೋ ಅಲ್ಲೋ ಹೆಂಗ್ ಕಂಡುಹಿಡೀತೀರಿ ಅಂತ ಹುಡುಗರನ್ನೇ ಕೇಳ್ರಿ ಎಂದು ಅಂಚಿನಲ್ಲಿ ಬರೆದೆ. ಹುಬ್ಬಳ್ಳಿ ಎರಡನೆಯದು. ಅಮೆರಿಕದ್ದು ಕಟ್ಟಕಡೆಗೆ.

ಮರುದಿನ ಝೆರಾಕ್ಸ್ ಮಾಡಿಸಲು ಹೋದೆ. ಅಂಗಡಿಯ ಹುಡುಗ ಮೇಲಿನ ಹಾಳೆಯನ್ನು ಮಷೀನಿಗಿಡುವ ಮೊದಲು ನಿಂತೇ ಓದಿದ.

"ಕಾಕಾ, ಕೊಣ್ಣೂರಾಗ ಆ ಮನಿ ಮ್ಯಾಲ ದಾಳಿ ಆಗಿದ್ದು ಸುಳ್ಳೇನ್ರಿ?"

ಫೋನ್ ತೆಗೆದು ತೋರಿಸಿದ. ಆ ಮೆಸೇಜು ಅವನಲ್ಲಿ ಇನ್ನೂ ಹಾಗೇ ಇತ್ತು.